ಗೋಡೆಗೆ ಆಡು ಹತ್ತಿಸಿದ ಶಿವಕಾಂತಾ ಟೀಚರ್

ಖಾಲಿ ಗೋಡೆಯೊಂದನ್ನು ಕಂಡು ಶಿವಕಾಂತಾ ಟೀಚರ್ ಸುಮ್ಮನೆ ಮುಂದೆ ಹೋದದ್ದನ್ನು ಕಂಡವರಿಲ್ಲ. ನರೋಣಾದಲ್ಲಿ ಬಸ್ಸಿಳಿದು, ತೊಗರಿ ಹೊಲಗಳ ನಡುವಿನ ಬಂಡಿದಾರಿ ಹಿಡಿದು, ಬಲಭುಜವನ್ನು ತುಸು ಮುಂದೆ ಮಾಡಿ ಗಾಳಿಯೊಡನೆ ಜಗಳಕ್ಕೆ ಹೊರಟವರಂತೆ ದಾಪುಗಾಲಿಡುತ್ತ ಬರುವ ಆ ಎತ್ತರದ ಹೆಂಗಸು, ಊರ ಅಗಸಿಬಾಗಿಲು ಹೊಕ್ಕೊಡನೆ ನಡಿಗೆ ನಿಧಾನಿಸಿ, ಎಡಬಲದ ಮಣ್ಣುಗೋಡೆಗಳನ್ನು ಬಟ್ಟೆ ಅಂಗಡಿಯಲ್ಲಿ ಕುಬಸದ ಕಣ ಆರಿಸುವವರ ಹಾಗೆ ನೋಡುತ್ತ ಬರುತ್ತಿದ್ದರು. ಸೀರೆಯ ಮೇಲೆ ತಂದೆಯ ಹಳೆಯ ಖಾಕಿ ಕೋಟು. ನಮ್ಮ ಕಡೆಯ ಬಿಸಿಲಿಗೂ ಅದು ಮೈಯಿಂದ ಇಳಿದದ್ದಿಲ್ಲ. ಬಾವಿಕಟ್ಟೆಯ ಹೆಂಗಸರು ನಕ್ಕರೆ, ಕೋಟಿಗೆ ಜೇಬುಂಟು, ಸೀರೆಗೆ ಎಲ್ಲಿಂದ ತರಲಿ ಎಂದು ಕೇಳುತ್ತಿದ್ದರು. ಒಂದು ಜೇಬಿನಲ್ಲಿ ಇದ್ದಿಲು, ಇನ್ನೊಂದರಲ್ಲಿ ಕೆಮ್ಮಣ್ಣಿನ ಹೆಂಟೆ ಇರುತ್ತಿತ್ತು.

ಎಂಬತ್ತರ ದಶಕದ ಮಾತು. ಐದನೆಯ ಇಯತ್ತೆಗೆ ಇಂಗ್ಲಿಷು ಶುರುವಾಗುತ್ತಿದ್ದ ಕಾಲ. ಇನ್, ಆನ್, ಅಂಡರ್ ಎಂಬ ಪಾಠಕ್ಕೆ ಪುಸ್ತಕದಲ್ಲಿ ಒಂದು ಚೆಂಡು, ಒಂದು ಟೇಬಲ್ಲು ಇದ್ದವು. ಊರ ಶಾಲೆಗೆಲ್ಲ ಇದ್ದದ್ದು ಒಂದೇ ಟೇಬಲ್ಲು. ಅದರ ಕೆಳಗೆ ಯಾವಾಗಲೂ ಹೆಡ್‌ಮಾಸ್ತರರ ಕಾಲು. ಟೀಚರ್ ಪುಸ್ತಕ ಮುಚ್ಚಿಟ್ಟು, ಮಕ್ಕಳನ್ನು ಓಣಿಗೆ ಕರೆತಂದು, ಮೊದಲ ಗೋಡೆಯ ಮೇಲೆ ಬಂಡಿಯೊಂದನ್ನು ಬರೆದು ಅದರ ಕೆಳಗೆ ಗಡ್ಡದ ಆಡೊಂದನ್ನು ಮಲಗಿಸಿದರು. ಮುಂದಿನ ಗೋಡೆಯಲ್ಲಿ ಅದೇ ಆಡು ಮಾಳಿಗೆ ಏರಿತ್ತು. ಅದರಾಚೆ ಬಣವೆಯ ಹಿಂದಿನಿಂದ ಮುಖ ತೋರಿಸುತ್ತಿತ್ತು. ಕೊನೆಗೆ ಜೋಳ ತುಂಬುವ ನೆಲದೊಳಗಿನ ಹಗೇವಿಗೆ ಬಿದ್ದು ಬಾಯಿ ತುಂಬ ಮೇಯುತ್ತಿತ್ತು. ಅದಕ್ಕೊಂದು ಹಾಡನ್ನೂ ಕಟ್ಟಿದರು:

ಬಂಡಿ ಬುಡಕ ಅಂಡರ್,
ಮಾಳಿಗಿ ಮ್ಯಾಲ ಆನ್,
ಬಣವಿ ಹಿಂದ ಬಿಹೈಂಡು,
ಹಗೇವಿನೊಳಗ ಇನ್.

ಹಾಡು ಶಾಲೆಯ ಅಂಗಳ ದಾಟಿ ಊರನ್ನೇ ಹಿಡಿಯಿತು. ರೊಟ್ಟಿ ಬಡಿಯುವವರು ಆ ತಾಳಕ್ಕೇ ಬಡಿದರು. ನಮ್ಮ ಗೋಡೆಗೆ ಯಾವಾಗ ಎಂದು ಹೆಂಗಸರು ಕಾಡಹತ್ತಿದರು. ಊರಿಗೆ ಊರೇ ಸಂಭ್ರಮಪಡುತ್ತಿದ್ದಾಗ, ಆ ಚಿತ್ರಗಳು ಯಾವ ದಾರಿಗುಂಟ ಸಾಗುತ್ತಿವೆ ಎಂಬುದನ್ನು ಮಾತ್ರ ಯಾರೂ ಗಮನಿಸಲಿಲ್ಲ. ಕುರುಬರ ಓಣಿಯಿಂದ ಹೊರಟು, ಗೌಡರ ದೊಡ್ಡಿಯ ಮುಂದಿನಿಂದ, ಹಳ್ಳದವರೆಗೆ. ಅಂದರೆ ನಿಂಬೆವ್ವ ದಿನಾಲು ಆಡು ಹೊಡೆದುಕೊಂಡು ಹೋಗುವ ದಾರಿ.

ನಿಂಬೆವ್ವ ಅದೇ ಐದನೆಯ ಇಯತ್ತೆಯ ಹುಡುಗಿ. ದೀಪಾವಳಿಗೆ ದೌಲತರಾಯ ಗೌಡರ ಆಡು ಕಾಯುವ ಮುದುಕ ಕೆಲಸ ಬಿಟ್ಟ. ಗೌಡರ ಹೊಲದಲ್ಲೇ ದುಡಿಯುವ ಸಾಬಮ್ಮನ ಮಗಳಾದ ಇವಳ ಕೈಗೆ ಅವನ ಕೋಲು ಬಂತು, ಶಾಲೆ ತಪ್ಪಿತು. ಟೀಚರ್ ಸಾಬಮ್ಮನ ಮನೆಗೆ ಹೋಗಿ ಮಗಳನ್ನು ಶಾಲೆಗೆ ಕಳಿಸೆಂದರೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಗೌಡರ ಮಾತು ಹ್ಯಾಗೆ ತೆಗೆದುಹಾಕಲಿ ಎಂದಳು. ಗೌಡರ ವಾಡೆಗೆ ಹೋದರೆ ಅವರು ಚಹಾ ಕುಡಿಸಿ, ನೋಡೋಣಂತೆ ಎಂದು ನಕ್ಕು ಕಳಿಸಿದರು. ಆ ನಗುವನ್ನು ಕಂಡು ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆ ಹೆಂಗಸಿನ ಸಿಟ್ಟು ಕೂಗಾಡುವ ಜಾತಿಯದಲ್ಲ, ಕೆಲಸಕ್ಕೆ ಹತ್ತುವ ಜಾತಿಯದು. ಹುಡುಗಿ ಶಾಲೆಗೆ ಬರದಿದ್ದರೆ ಶಾಲೆಯೇ ಹುಡುಗಿಯ ದಾರಿಗೆ ಹೋಗಿ ನಿಂತಿತು. ನಿಂಬೆವ್ವ ಗೋಡೆ ಗೋಡೆಗೆ ನಿಂತು, ಕೋಲಿನಿಂದ ಮುಟ್ಟಿ ಮುಟ್ಟಿ ಹಾಡಿ, ಆಡುಗಳನ್ನು ಮುಂದೆ ಅಟ್ಟುತ್ತಿದ್ದಳು. ಆದರೂ ವಾರ್ಷಿಕ ಪರೀಕ್ಷೆ ಹತ್ತಿರ ಬರುತ್ತಿತ್ತು. ಗೋಡೆಯನ್ನು ಎಷ್ಟು ಓದಿದರೂ ಬೆಂಚಿನ ಮೇಲೆ ಕೂಡದ ಮಗುವನ್ನು ಯಾರೂ ಪಾಸು ಮಾಡುವುದಿಲ್ಲ, ಮತ್ತು ಒಮ್ಮೆ ಉಳಿದ ಹುಡುಗಿ ಉಳಿದೇಹೋಗುತ್ತಾಳೆ ಎಂಬುದು ಟೀಚರಿಗೆ ಚೆನ್ನಾಗಿ ಗೊತ್ತಿತ್ತು.

ಆಗ ಗೌಡರ ಮಗಳ ಮದುವೆ ಗೊತ್ತಾಯಿತು. ಮದುವೆಮನೆಯ ಬಾಗಿಲ ಎರಡೂ ಬದಿಗೆ ಸುಣ್ಣ ಬಳಿದು, ಕೆಮ್ಮಣ್ಣಿನಲ್ಲಿ ಆನೆ, ಗಿಳಿ, ಬಾಳೆಗಿಡ ಬರೆಸುವುದು ನಮ್ಮಲ್ಲಿಯ ವಾಡಿಕೆ. ಊರ ತುಂಬ ಹೆಸರಾದ ಕೈಯನ್ನು ಬಿಟ್ಟು ಇನ್ನಾರನ್ನು ಕರೆಯಬೇಕು? ಗೌಡರು ತಾವಾಗಿಯೇ ಹೇಳಿಕಳಿಸಿದರು. ಟೀಚರ್ ಒಪ್ಪಿದರು, ಕೋಟಿನ ತೋಳು ಮಡಚಿದರು, ಬರೆಯುವಾಗ ಯಾರೂ ಇಣುಕಬಾರದೆಂದು ಅಡ್ಡ ಒಂದು ಜಮಖಾನೆ ಕಟ್ಟಿಸಿದರು.

ಅಫಜಲಪುರದ ಬೀಗರು ಬರುವ ಹೊತ್ತಿಗೆ ಜಮಖಾನೆ ಇಳಿಯಿತು. ಎಡಕ್ಕೆ ಗೌಡರು ಬಯಸಿದ ಆನೆ, ಗಿಳಿ, ಬಾಳೆ ಎಲ್ಲ ಇದ್ದವು. ಬಲಕ್ಕೆ ಆಡಿನ ಹಿಂಡು. ಹಿಂಡಿನ ಹಿಂದೆ ಕೋಲು ಹಿಡಿದ ಹುಡುಗಿ. ಅವಳ ಇನ್ನೊಂದು ಕೈಯಲ್ಲಿ ಅಕ್ಷರ ಬರೆಯುವ ಪಾಟಿ. ಆಡುಗಳನ್ನು ಕಂಡು ಮೊದಲು ನಕ್ಕ ಗೌಡರು, ಹುಡುಗಿಯನ್ನು ಕಂಡು ನಗು ನುಂಗಿದರು. ಇದನ್ನು ಈಗಿಂದೀಗ ಅಳಿಸಬೇಕು ಎಂದು ಸುಣ್ಣದ ಬಕೀಟು ತರಿಸಿದರು.

ಟೀಚರ್ ಬಕೀಟಿಗೂ ಗೋಡೆಗೂ ನಡುವೆ ನಿಂತು ಮೆಲ್ಲಗೆ ಹೇಳಿದರು: "ನಿಮ್ಮ ಆಡ ಎಲ್ಲಿ ಅದ ಅಂದ್ರ ಊರಾನ ಕೂಸಿಗಿ ಸೈತ ಗೊತ್ತದರಿ ಗೌಡ್ರ. ನಿಂಬೆವ್ವ ಎಲ್ಲಿ ಅದಾಳ ಅಂತ ಯಾರರ ಒಂದ್ಸಲ ಕೇಳೀರೇನ್ರಿ?"

ಗೌಡರು ಬಾಯಿ ತೆರೆಯುವಷ್ಟರಲ್ಲಿ ಬೀಗರ ಜೀಪು ಬಂದೇಬಿಟ್ಟಿತು. ಇಳಿದವರೆಲ್ಲ ನೇರ ಗೋಡೆಯ ಮುಂದೆ. ಬೀಗತಿ ಸುಮಿತ್ರಾಬಾಯಿ ಚಿತ್ರದ ಹುಡುಗಿಯನ್ನು ಬೆರಳಿನಿಂದ ಮುಟ್ಟಿ, ಆಡು ಕಾಯುವವಳ ಕೈಯಲ್ಲಿ ಪಾಟಿ ಯಾಕೆ, ಇವಳು ಯಾರು ಎಂದು ಕೇಳಿದರು. ಗೌಡರು ಒಮ್ಮೆ ಟೀಚರ್ ಕಡೆ, ಒಮ್ಮೆ ಬೀಗರ ಕಡೆ ನೋಡಿದರು. ಬೀಗರೆದುರು ಮರ್ಯಾದೆ ಉಳಿಯಬೇಕಿತ್ತು.

"ನಮ್ಮೂರ ಸಾಲಿ ಹುಡುಗಿರಿ," ಅಂದರು. "ಭಾಳ ಶಾಣ್ಯಾ. ನಾವೇ ಓದಸಾಕತ್ತೇವಿ."

ಸುಳ್ಳು. ಆದರೆ ಬೀಗರೆದುರು ಆಡಿದ ಮಾತು. ನಮ್ಮ ಸೀಮೆಯಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡು ಬದುಕಿದ ಗೌಡನಿಲ್ಲ. ಟೀಚರ್ ಎಲ್ಲರಿಗೂ ಕೇಳುವಂತೆ, "ಹೌದ್ರಿ ಅವ್ವಾರ. ಸೋಮವಾರ ಬಂದು ನೋಡ್ರಿ, ಮುಂದಿನ ಸಾಲಿನಾಗೇ ಕುಂತಿರ್ತಾಳ," ಎಂದರು.

ಸೋಮವಾರ ನಿಂಬೆವ್ವ ಮುಂದಿನ ಸಾಲಿನಲ್ಲೇ ಕೂತಿದ್ದಳು. ಗೌಡರು ಆಡಿಗೆ ಬೇರೆ ಆಳು ನೋಡಿಕೊಂಡರು. ಕ್ರಮೇಣ ತಾವು ಆಡಿದ್ದನ್ನು ತಾವೇ ನಂಬಿ, ಆ ಹುಡುಗಿಯನ್ನು ಓದಿಸಿದವನು ನಾನೇ ಎಂದು ಜೇವರ್ಗಿಯ ನೆಂಟರ ಮುಂದೆಯೂ ಮೀಸೆ ತಿರುವಿದರು. ಟೀಚರ್ ಅದನ್ನು ಒಮ್ಮೆಯೂ ತಿದ್ದಲಿಲ್ಲ.

ಲೋಕದಲ್ಲಿ ಇಂಥ ಕೆಲವರಿರುತ್ತಾರೆ. ಅವರಿಗೆ ಅಧಿಕಾರವಿಲ್ಲ, ಅಪ್ಪಣೆ ಕೇಳುವ ಅಭ್ಯಾಸವೂ ಇಲ್ಲ. ಬಲ್ಲಿದರನ್ನು ಸೋಲಿಸುವ ಹಟವಾಗಲೀ, ಗೆದ್ದೆನೆಂದು ಹೇಳಿಕೊಳ್ಳುವ ಚಪಲವಾಗಲೀ ಅವರಲ್ಲಿ ಕಾಣದು. ದೊಡ್ಡವರ ಬಾಯಿಂದ, ನಾಚಿಕೆಗೋ ಜಂಬಕ್ಕೋ, ಎಂದಾದರೂ ಒಂದು ಒಳ್ಳೆಯ ಮಾತು ಜಾರುತ್ತದೆಂದು ಅವರು ಬಲ್ಲರು. ಜಾರಿದೊಡನೆ ಅದನ್ನು ಹಿಡಿದುಕೊಂಡು, ನಿಜವಾಗುವ ತನಕ ಬಿಡುವುದಿಲ್ಲ. ಆಮೇಲೆ ಹೆಸರನ್ನು ಯಾರು ಬೇಕಾದರೂ ಒಯ್ಯಲಿ, ಅವರಿಗೆ ಮಗು ತಮ್ಮೆದುರು ಬಂದು ಕೂತರೆ ಸಾಕು.