ಸುಮಿತ್ರಕ್ಕ ಬಾಗಿಲು ತೆಗೆಯಲಿಲ್ಲ

ಮೂರನೇ ಸಲ ಕರೆಗಂಟೆ ಒತ್ತಿದಾಗ ಮಹಡಿಯ ಕಿಟಕಿಯ ಪರದೆ ಸರಿಯಿತು. ಸುಮಿತ್ರಕ್ಕ ಇಣುಕಿದರು. ರಾಜಲಕ್ಷ್ಮಿ ಹೋಳಿಗೆ ಡಬ್ಬಿ ಎತ್ತಿ ತೋರಿಸಿ ನಕ್ಕಳು. ಮೆಟ್ಟಿಲಿಳಿಯುವ ಸದ್ದು ಬಾಗಿಲವರೆಗೂ ಬಂದು ನಿಂತಿತು. ಬಾಗಿಲು ಮಾತ್ರ ತೆರೆಯಲಿಲ್ಲ.

ಹತ್ತು ನಿಮಿಷ ಹಿಮದಲ್ಲಿ ನಿಂತು ಕಾಲು ಮರಗಟ್ಟಿದ ಮೇಲೆ ರಾಜಲಕ್ಷ್ಮಿ ಬಸ್ಸು ಹತ್ತಿದಳು. ಆರು ವರ್ಷದಿಂದ ಹಬ್ಬ ಅಂದರೆ ಎರಡು ಮನೆಗೂ ಒಂದೇ ಅಡುಗೆ. ಈಗ ನೋಡು ಆವಮ್ಮನ ಧಿಮಾಕು! ತನ್ನ ಮನೆಯಿದ್ದ ಸ್ಕಾರ್‌ಬರೋ ಬರುವವರೆಗೂ ಮನಸ್ಸಿನಲ್ಲೇ ಬೈದಳು.

ಜಗಳವಾದರೂ ಎಂಥದ್ದು? ಬ್ಯಾಡ್ಮಿಂಟನ್ನಿನ ಶಟಲ್ಲು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಅಂತ! ರಾಜಲಕ್ಷ್ಮಿಯ ಗಂಡ ಚಂದ್ರಮೋಹನ ಸಿಟ್ಟಿಗೆದ್ದು ಸುಮಿತ್ರಕ್ಕನ ಗಂಡ ದಾನಪ್ಪನ ಕಪಾಳಕ್ಕೆ ಬಾರಿಸಿಬಿಟ್ಟ. ದಾನಪ್ಪ ದೂರು ಕೊಡಲಿಲ್ಲ. ಪಕ್ಕದ ಕೋರ್ಟಿನಲ್ಲಿ ಆಡುತ್ತಿದ್ದ ಯಾರೋ ಪೊಲೀಸರಿಗೆ ಫೋನು ಮಾಡಿದ್ದರು. ಹಲ್ಲೆಯ ಕೇಸು ಬಿತ್ತು. ದಾನಪ್ಪನ ಜೊತೆ ಮಾತಾಡಕೂಡದು ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು ಚಂದ್ರಮೋಹನನನ್ನು ಬಿಟ್ಟರು. ಮುಂದಿನ ತಿಂಗಳಿದ್ದ ಅವನ ಈ ದೇಶದ ಪೌರತ್ವದ ಪ್ರಮಾಣವಚನ ಅಲ್ಲಿಗೇ ನಿಂತಿತು. ಶಿಕ್ಷೆಯಾದರೆ ಇನ್ನು ಎಷ್ಟು ವರ್ಷವೋ. ಅವರು ತಾನೇ ಮಾತಾಡಬಾರದು, ನಾನು ಹೋಗಬಹುದಲ್ಲ ಎಂದು ರಾಜಲಕ್ಷ್ಮಿ ಗಂಡನಿಗೂ ಹೇಳದೆ ಹೋಳಿಗೆ ಕಟ್ಟಿಕೊಂಡು ಹೊರಟಿದ್ದಳು. ಮೈಸೂರಿನಲ್ಲಿ ಅವಳಮ್ಮ ಇಂಥ ಎಷ್ಟು ಜಗಳ ಬಿಡಿಸಿರಲಿಲ್ಲ!

ವಿಚಾರಣೆಯ ದಿನ ಕೋರ್ಟಿನಲ್ಲಿ ಪುಕ್ಕಟೆ ಸಿಗುವ ವಕೀಲೆಯೊಬ್ಬಳು ಅವರ ಪಾಲಿಗೆ ಬಂದಳು. ಎಳೆ ವಯಸ್ಸು, ಕೈತುಂಬ ಫೈಲು, ಆದರೂ ಎದುರಿಗೆ ಕೂತು ನಡೆದದ್ದನ್ನೆಲ್ಲ ಕೇಳಿಸಿಕೊಂಡಳು.

"ಹೊಡ್ದಿರೋದು ನಿಜ ತಾನೆ? ಗಿಲ್ಟಿ ಅಂತ ಒಪ್ಕೊಂಡ್ಬಿಡ್ತೀನಿ ಕಣೆ," ಎಂದ ಚಂದ್ರಮೋಹನ ಹೆಂಡತಿಗೆ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಾಗ ವಕೀಲೆ ತಡೆದಳು. ಒಪ್ಪಿಕೊಂಡರೆ ಅಪರಾಧ ದಾಖಲೆಯಾಗುವ ಅಪಾಯವಿದೆ, ಬೇರೆ ದಾರಿಯಿದೆ. ಒಂದು ವರ್ಷ ತಂಟೆಗೆ ಹೋಗುವುದಿಲ್ಲ ಎಂದು ನ್ಯಾಯಾಧೀಶರ ಮುಂದೆ ಮುಚ್ಚಳಿಕೆ ಬರೆದುಕೊಟ್ಟರೆ ಸರ್ಕಾರ ಕೇಸು ಹಿಂತೆಗೆದುಕೊಳ್ಳುತ್ತದಂತೆ. ನಿಮ್ಮ ಪರವಾಗಿ ಯಾರಾದರೂ ಆ ಮನೆಗೆ ಹೋಗಿದ್ದರಾ ಎಂದು ಆಮೇಲೆ ಕೇಳಿದಳು.

ಚಂದ್ರಮೋಹನ ಇಲ್ಲವೆಂದ. ರಾಜಲಕ್ಷ್ಮಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ವಕೀಲೆ ಪೆನ್ನು ಕೆಳಗಿಟ್ಟಳು. ಬೇರೆಯವರ ಮೂಲಕ ಮಾತಾಡಿಸಿದರೂ ಆ ಕಾಗದದ ಷರತ್ತು ಮುರಿದಂತೆ. ಗಂಡನೇ ಕಳಿಸಿದ್ದು ಎಂದು ಪೊಲೀಸರು ತಿಳಿದಿದ್ದರೆ ಅದೇ ಎರಡನೇ ಕೇಸು. ಅವನು ಇವತ್ತು ಲಾಕಪ್ಪಿನಲ್ಲಿರುತ್ತಿದ್ದ, ಈ ಮುಚ್ಚಳಿಕೆಯ ದಾರಿಯೂ ಮುಚ್ಚುತ್ತಿತ್ತು ಎಂದಳು. ಅವರು ಬಾಗಿಲು ತೆಗೆಯದಿದ್ದದ್ದೇ ಒಳ್ಳೆಯದಾಯಿತು.

ಅಯ್ಯೋ ದೇವರೇ! ಬಸ್ಸಿನಲ್ಲಿ ಬೈದ ಒಂದೊಂದು ಮಾತೂ ರಾಜಲಕ್ಷ್ಮಿಗೆ ನೆನಪಾಯಿತು.

ಒಳಗೆ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಚಂದ್ರಮೋಹನ ಮುಚ್ಚಳಿಕೆ ಬರೆದುಕೊಟ್ಟ, ಕೇಸು ಹೋಯಿತು. ದಾನಪ್ಪ ಬರೆದು ಒಪ್ಪಿದರೆ ಮಾತ್ರ ಅವನೊಡನೆ ಮಾತಾಡಬಹುದು ಎಂದರು ನ್ಯಾಯಾಧೀಶರು. ಹೊರಗೆ ಬಂದ ಮೇಲೆ ವಕೀಲೆ ನಕ್ಕು ಒಂದು ಹಾಳೆ ತೋರಿಸಿದಳು. ಒಪ್ಪಿಗೆ ಬೆಳಿಗ್ಗೆಯೇ ಬಂದಿತ್ತು. ಕೆಳಗೆ ಕನ್ನಡದಲ್ಲಿ ದಾನಪ್ಪನ ಸಹಿ. ರಾಜಲಕ್ಷ್ಮಿ ಆ ಹುಡುಗಿಯ ಎರಡೂ ಕೈ ಹಿಡಿದುಕೊಂಡಳು.

ಕೋರ್ಟಿನ ಪಡಸಾಲೆಯ ಕೊನೆಯ ಬೆಂಚಿನ ಮೇಲೆ ಸುಮಿತ್ರಕ್ಕ, ದಾನಪ್ಪ ಇಬ್ಬರೂ ಕೂತಿದ್ದರು. ರಾಜಲಕ್ಷ್ಮಿ ಹೆಚ್ಚುಕಡಿಮೆ ಓಡಿದಳು.

"ಸುಮಿತ್ರಕ್ಕಾ, ಅವತ್ತು ನೀವು ಬಾಗ್ಲು ತೆಗೀಲಿಲ್ಲ ಅಂತ ಬಾಯಿಗೆ ಬಂದ ಹಾಗೆ ಬೈಕೊಂಡೆ. ತಪ್ಪಾಯ್ತು ಅಕ್ಕ. ನೀವು ನಮ್ಮನ್ನ ಉಳಿಸಿದ್ರಿ."

"ನಾ ತಗೀಲಿಕ್ಕೇ ಹೊಂಟಿದ್ದೆ ನಮ್ಮವ್ವಾ," ಎಂದರು ಸುಮಿತ್ರಕ್ಕ ಕಣ್ಣೊರೆಸಿಕೊಳ್ಳುತ್ತ. "ಕೈ ಚಿಲಕದ ಮ್ಯಾಲ ಇತ್ತು. ಇವ್ರಽ ಬಂದು ಹಿಡಕೊಂಡ್ರು. ತಗದ್ರ ಚಂದ್ರಣ್ಣಗ ತ್ರಾಸ ಆಗ್ತದ, ನಿಲ್ಲು ಅಂದ್ರು. ನೀ ಥಂಡ್ಯಾಗ ನಿಂತಷ್ಟ ಹೊತ್ತು ನಾವಿಬ್ರೂ ಬಾಗಲದ ಹಿಂದ ನಿಂತಿದ್ವಿ."

ಚಂದ್ರಮೋಹನ ಎರಡು ಮಾರು ದೂರದಲ್ಲೇ ನಿಂತುಬಿಟ್ಟಿದ್ದ.

ದಾನಪ್ಪ ತಲೆಯೆತ್ತಿ ಅವನನ್ನು ನೋಡಿದ. ಆಮೇಲೆ ಪಕ್ಕದಲ್ಲಿಟ್ಟಿದ್ದ ದಪ್ಪನೆಯ ಕೋಟನ್ನು ಎತ್ತಿ ತನ್ನ ತೊಡೆಯ ಮೇಲೆ ಹಾಕಿಕೊಂಡು, ಇನ್ನೊಬ್ಬರು ಕೂರುವಷ್ಟು ಸರಿದು ಕೂತ.