ಎತ್ತಿ ಹಿಡಿದ ಬೂಟು

ಸ್ಟ್ರಾಬೆರಿ ಕೆಂಪಾಗುವ ಕಾಲ, ಫೆಬ್ರವರಿ, ಭಾನುವಾರ ಮಧ್ಯಾಹ್ನ ಮೂರು ಗಂಟೆ, ನಾನು ಮೊದಲ ಸಲ ಬಂದಾಗಲೂ ಹೀಗೇ ಇತ್ತು, ಬಾಗಿಲು ತೆರೆದಾಗೆಲ್ಲ ಹೊಲದ ಗೊಬ್ಬರದ ವಾಸನೆ ನುಗ್ಗುತ್ತದೆ, ಅದರ ಬೆನ್ನಿಗೇ ಕಡಲ ಮಂಜು, ಒಳಗೆ ಯಾರೋ ಗಿಟಾರಿನ ತಂತಿ ಬಿಗಿ ಮಾಡುತ್ತಿದ್ದಾರೆ, ಡೊಂಯ್ ಡೊಂಯ್, ಬಲಗಿವಿಗೆ ಮಾತ್ರ ಕೇಳಿಸುತ್ತದೆ, ಎಡಗಿವಿ ಹೋದದ್ದು ಇದೇ ಭವನದ ಈ ಸ್ಪೀಕರ್ ಪಕ್ಕದಲ್ಲೇ, ನಾನಾಗಿಯೇ ಕೊಟ್ಟದ್ದು, ಅದಕ್ಕೆ ಬೇಸರವಿಲ್ಲ — ಚೀಲ ತೊಡೆಯ ಮೇಲಿದೆ, ಚೀಲದಲ್ಲಿ ನನ್ನ ಗಂಡನ ಬೂಟು, ಹೋದ ಅಕ್ಟೋಬರಿನಲ್ಲಿ ಮಣ್ಣು ಮಾಡಿದ ರೆನಾಟೊನ ಬೂಟು, ಒಂದೇ ಒಂದು, ಬಲಗಾಲಿನದು, ಕಪ್ಪು ಬಿಳಿ ಚೌಕಳಿಯ ಕ್ಯಾನ್ವಾಸು, ಹೆಬ್ಬೆರಳ ಹತ್ತಿರ ಅಂಟು ಮೆತ್ತಿ ಮೆತ್ತಿ ಕಲ್ಲಿನ ಹಾಗಾಗಿದೆ, ಬೆಳಿಗ್ಗೆಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದೇನೆ. ಕೊನೆಯ ಹಾಡಿಗೆ ಇದನ್ನು ಪಿಟ್‌ನೊಳಗೆ, ವೇದಿಕೆಯ ಮುಂದೆ ಎಲ್ಲರೂ ತಳ್ಳಾಡಿ ಕುಣಿಯುವ ಆ ಸುಳಿಯೊಳಗೆ, ಬಿಟ್ಟುಬಿಡುತ್ತೇನೆ ಅಂತ ಮನೆಯಲ್ಲಿ ಗಟ್ಟಿ ಮಾಡಿಕೊಂಡು ಹೊರಟೆ, ಬಸ್ಸಿನಲ್ಲಿ ಕೂತಾಗ ಆಗಲ್ಲ ಅನ್ನಿಸಿತು, ಈಗ ಗೋಡೆಗೊರಗಿ ಮಡಚುವ ಕುರ್ಚಿಯಲ್ಲಿ ಕೂತಿದ್ದೇನೆ, ಬಿಡುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ, ಅವನ ಬಟ್ಟೆಯೆಲ್ಲ ಕೊಟ್ಟಾಯಿತು, ಹಾಸಿಗೆಯಲ್ಲಿ ಅವನ ವಾಸನೆಯೂ ಹೋಯಿತು, ಇದೊಂದು ಉಳಿದಿದೆ, ಇದನ್ನೂ ಬಿಟ್ಟರೆ — ವೇಡ್ ಬಂದ, ಡೆಡ್ ಬೇರಿಂಗ್ಸ್ ಬ್ಯಾಂಡಿನ ಹಾಡುಗಾರ ವೇಡ್, ಎರಡೂ ಮಂಡಿಗೆ ಪಟ್ಟಿ ಕಟ್ಟಿದ್ದಾನೆ, ಇವತ್ತಿಗೆ ಅವರ ಆಟ ಮುಗಿಯಿತು, ಇನ್ನು ಬಾರಿಸುವುದಿಲ್ಲವಂತೆ, ಬಗ್ಗಿ ಕೆನ್ನೆಗೆ ಮುತ್ತಿಟ್ಟ, ಬಂದ್ಯಾ ಲಿಂಡಾ, ಬರದೆ ಎಲ್ಲಿಗೋಗ್ಲಿ, ಈ ವಯಸ್ಸಲ್ಲೂ ಹಾಡ್ತೀಯಾ ನೋಡೋಣ ಅಂತ ಬಂದೆ, ಅಂದೆ, ನಾನ್ ಯಾವತ್ತು ಹಾಡಿದೀನೇ, ಕಿರುಚಿದೀನಿ ಅಷ್ಟೇ, ಅಂದು ನನ್ನ ಪಕ್ಕದ ಖಾಲಿ ಜಾಗ ನೋಡಿ, ಅದನ್ನು ಸುತ್ತಿ ಬಳಸಿ ವೇದಿಕೆಗೆ ಹೋದ, ರೆನಾಟೊನ ಗಾಲಿಕುರ್ಚಿ ನಿಲ್ಲುತ್ತಿದ್ದ ಜಾಗ ಅದು, ಯಾರೂ ಹೇಳದಿದ್ದರೂ ಯಾರೂ ಅಲ್ಲಿ ನಿಂತಿಲ್ಲ. ಹಸಿರು ಕೂದಲಿನ ಹುಡುಗಿಯೊಬ್ಬಳು ಬಂದು, ಅಜ್ಜೀ, ಇಲ್ಲಿ ಕೂತ್ಕೋಬೇಡಿ, ಶುರುವಾದ್ರೆ ತಳ್ಳಾಡ್ತಾರೆ, ಏಟು ಬೀಳುತ್ತೆ, ಅಂದಳು, ನಿಮ್ಮಮ್ಮ ಹುಟ್ಟೋಕ್ ಮುಂಚೆ ನನ್ ಹಲ್ಲು ಇಲ್ಲೇ ಬಿದ್ದಿದೆ ಕಣೇ, ಹುಡುಕು, ಸಿಕ್ಕಿದ್ರೆ ಕೊಡು, ಬಾಯಿ ತೆರೆದು ತೋರಿಸಿದೆ, ಅವಳು ನಕ್ಕು ನಕ್ಕು ಸ್ನೇಹಿತರನ್ನೆಲ್ಲ ಕೂಗಿದಳು, ಬನ್ರೋ, ಈ ಅಜ್ಜಿ ಹಲ್ಲು ನೋಡ್ರೋ.

ಆ ಮೊದಲ ಭಾನುವಾರ ನಾನು ಚರ್ಚಿನಿಂದ ಬರುತ್ತಿದ್ದೆ, ಹತ್ತೊಂಬತ್ತು ವರ್ಷ, ಆರನೇ ಕ್ಲಾಸಿಗೇ ಶಾಲೆ ಬಿಡಿಸಿ ನಿಂಬೆಹಣ್ಣಿನ ಶೆಡ್ಡಿಗೆ ಹಾಕಿದ್ದರು ನನ್ನನ್ನು, ಬೆಲ್ಟಿನ ಮೇಲೆ ಹಣ್ಣು ಓಡುತ್ತಿರುತ್ತದೆ, ಕೊಳೆತದ್ದು ಈ ಕಡೆ ಒಳ್ಳೆಯದು ಆ ಕಡೆ, ದಿನವಿಡೀ ಅದೇ, ಬೆರಳೆಲ್ಲ ಹಳದಿ, ವಾರಕ್ಕೊಂದು ದಿನ ಬಕಲ್ ಇರುವ ಕರಿ ಬೂಟು ಹಾಕಿಕೊಂಡು ಅಮ್ಮನ ಹಿಂದೆ ಪ್ರಾರ್ಥನೆಗೆ ಹೋಗುವುದು. ಅವತ್ತು ಅಮ್ಮ ಅತ್ತೆಯ ಮನೆಗೆ ಹೋದಳು, ನಾನು ಈ ಭವನದ ಎದುರು ಬಸ್ಸಿಗೆ ಕಾಯುತ್ತಿದ್ದೆ, ಮಂಜು ಬಿದ್ದು ಚಳಿ, ಒಳಗೆ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಸದ್ದು, ಬೆಚ್ಚಗಿರುತ್ತೆ ಅಂತ ಒಳಗೆ ಕಾಲಿಟ್ಟೆ, ಅಷ್ಟೇ, ಹುಡುಗರ ಸುಳಿ ನನ್ನನ್ನು ಎಳೆದುಕೊಂಡಿತು, ನನ್ನ ಶೆಡ್ಡಿನ ಬೆಲ್ಟಿಗಿಂತ ವೇಗ, ಡ್ರಮ್ಮು ಎದೆಯೊಳಗೇ ಹೊಡೆಯುತ್ತಿದೆ, ಬಿದ್ದೆ, ಬೀಳುವುದಕ್ಕೂ ಪುರುಸೊತ್ತಿಲ್ಲ, ನಾಲ್ಕು ಕೈ ಎತ್ತಿ ನಿಲ್ಲಿಸಿದವು, ನೋಡಿದರೆ ಒಂದು ಕಾಲಲ್ಲಿ ಬೂಟಿಲ್ಲ. ತಲೆಯೆತ್ತಿದೆ. ತಲೆಗಳ ಮೇಲೆ, ದೀಪದ ಬೆಳಕಿನಲ್ಲಿ, ಒಂದು ಕಂದು ಕೈ, ಕೈಯಲ್ಲಿ ನನ್ನ ಚರ್ಚಿನ ಬೂಟು, ಬಕಲ್ ಮಿಂಚುತ್ತಿದೆ. ಅಣಕ ಮಾಡುತ್ತಿದ್ದಾನೆ ಅಂದುಕೊಂಡೆ, ಹಳ್ಳಿ ಹುಡುಗಿ, ದೇವರ ಮನೆಯಿಂದ ನೆಟ್ಟಗೆ ಇಲ್ಲಿಗೆ ಬಂದಿದಾಳೆ ನೋಡ್ರೋ ಅಂತ ಎಲ್ಲರಿಗೂ ತೋರಿಸುತ್ತಿದ್ದಾನೆ ಅಂದುಕೊಂಡೆ, ಅಳು ಬಂತು, ಒಂಟಿ ಬೂಟಿನಲ್ಲೇ ಕುಂಟುತ್ತ ಹೊರಗೆ ನಡೆದೆ, ಬಸ್ಸಿನ ಬೆಂಚಿನ ಮೇಲೆ ಕೂತು ಕಾಲ್ಚೀಲದ ಮಣ್ಣು ಕೆರೆಯುತ್ತಿದ್ದೇನೆ, ಮಂಜಿನೊಳಗಿಂದ ಅವನು ಬರುತ್ತಿದ್ದಾನೆ, ರಸ್ತೆಯ ನಡುವೆ, ಕಾರುಗಳು ಹಾರ್ನ್ ಹೊಡೆಯುತ್ತಿವೆ, ಕೈ ಇನ್ನೂ ಮೇಲೇ ಇದೆ, ಕೈಯಲ್ಲಿ ಬೂಟು. ಕೈ ಇಳಿಸೋ ಮಾರಾಯ, ಇಲ್ಲಿ ಯಾರಿದಾರೆ ನೋಡೋಕೆ, ಅಂದೆ, ಇಳಿಸೋ ಹಾಗಿಲ್ಲ, ಪಿಟ್‌ನಲ್ಲಿ ಬೂಟು ಸಿಕ್ಕಿದ್ರೆ ಯಜಮಾನ್ರು ಬಂದು ಕೇಳೋ ತನಕ ಎತ್ತಿ ಹಿಡೀಬೇಕು, ಅದೇ ನಿಯಮ, ನಿಂದೇನಾ, ನಂದೇ ಕೊಡು, ನಿಂದು ಅನ್ನೋಕೆ ಏನು ಸಾಕ್ಷಿ, ನನ್ನ ಕಾಲು ಎತ್ತಿ ತೋರಿಸಿದೆ, ಮಣ್ಣು ಹಿಡಿದ ಕಾಲ್ಚೀಲ, ಆಗ ಕೈ ಇಳಿಸಿದ. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ. ಕೂತ್ಕೋತೀಯಾ, ಇಲ್ಲ ಇನ್ನೂ ಎರಡು ಬ್ಯಾಂಡ್ ಇದೆ ನೋಡ್ತೀಯಾ, ಅಂದ.

ನೌಕಾನೆಲೆಯ ಅಡುಗೆಯವರ ಮಗ ರೆನಾಟೊ, ಅವರಮ್ಮ ಮನಿಲಾದವರು, ನಮ್ಮಮ್ಮ ಜೋಳದ ಸಿಪ್ಪೆಯಲ್ಲಿ ಬೇಯಿಸಿದ ತಮಾಲೆ ಅವನು ತಿಂದ, ಅವರಮ್ಮ ಕರಿದ ಲುಂಪಿಯಾ ಸುರುಳಿ ನಾನು ತಿಂದೆ, ಅವಳ್ಯಾರೋ ನಿಂಬೆಹಣ್ಣು ವಾಸ್ನೆಯೋಳು ಅಂತ ಅವರಮ್ಮ ಮೊದಲು ಮುಖ ತಿರುಗಿಸಿದರು, ಆಮೇಲೆ ಉಪ್ಪಿನಕಾಯಿಗೆ ನನಗೇ ನಿಂಬೆ ತಾ ಅನ್ನುತ್ತಿದ್ದರು. ಯಾರೂ ಇಲ್ಲದ ಮನೆಗಳ ಈಜುಕೊಳ ಹುಡುಕಿಕೊಂಡು ತಿರುಗುತ್ತಿದ್ದೆವು, ಹಸಿರು ಪಾಚಿ ನೀರು, ಕಪ್ಪೆ, ಸಾಲಾಗಿ ನಿಂತು ಬಕೆಟ್ಟಿನಲ್ಲಿ ಮೊಗೆದು ಚೆಲ್ಲುವುದು, ತಳ ಒರೆಸುವುದು, ಒಣಗಿದ ಮೇಲೆ ಗಾಲಿ ಹಲಗೆ, ಸ್ಕೇಟ್‌ಬೋರ್ಡು, ಇಳಿಸಿ ಅದರ ಮೇಲೆ ನಿಂತು ಜಾರುವುದು, ನಾನು ಅಂಚಿನಲ್ಲಿ ಕೂತು ಪೊಲೀಸು ಬಂದರೆ ಶಿಳ್ಳೆ ಹಾಕಬೇಕು, ಹಲಗೆಯ ಗಾಲಿ ಅಂಚಿನ ಹೆಂಚಿನ ಮೇಲೆ ಹತ್ತಿದಾಗ ಟಕಟಕಟಕ, ಆ ಸದ್ದೇ ಆಮೇಲೆ ವೇಡ್‌ನ ಡ್ರಮ್ಮಿನವನ ಕೈಗೆ ಬಂತು ಅಂತ ರೆನಾಟೊನ ವಾದ, ಹಾಡು ಹುಟ್ಟಿದ್ದು ಕೊಳದಲ್ಲಿ ಕಣೇ, ಭವನದಲ್ಲಲ್ಲ. ಅವರ ಮೊದಲ ರೆಕಾರ್ಡಿನ ಹೊದಿಕೆ ನಾವೇ ಮಡಚಿದ್ದು, ವೇಡ್‌ನ ಅಮ್ಮನ ಅಡುಗೆಮನೆಯಲ್ಲಿ ಕೂತು, ನನ್ನ ಕೈ ಎಲ್ಲರಿಗಿಂತ ಚುರುಕು, ಮಡಚು ಅಂಟಿಸು ಪಕ್ಕಕ್ಕಿಡು, ಉಳಿದ ಅಂಟನ್ನು ಅವನು ಹಲಗೆಗೆ ಉಜ್ಜಿ ಸವೆದ ತನ್ನ ಬೂಟಿಗೆ ಬಳಿದುಕೊಂಡ, ಆಮೇಲೆ ಯಾವ ಬೂಟು ಕೊಂಡರೂ ಹಾಗೇ ಬಳಿಯುತ್ತಿದ್ದ, ನಮ್ಮ ಮನೆಯ ಪ್ರತಿಗೆ ಇವತ್ತಿಗೂ ನಿಂಬೆ ವಾಸನೆ ಇದೆ ಅನ್ನುತ್ತಿದ್ದ, ಮೂಗಿಗೆ ಹಿಡಿದು ತೋರಿಸುತ್ತಿದ್ದ, ನನಗೆ ಬರೀ ರಟ್ಟಿನ ವಾಸನೆ. ಎಂಥ ಹಾಡುಗಳು, ಒಲೆ ಮೇಲೆ ನೀರಿಟ್ಟು ರೆಕಾರ್ಡು ಹಾಕಿದರೆ ನೀರು ಬಿಸಿಯಾಗುವುದರೊಳಗೆ ಒಂದು ಮುಖ ಮುಗಿದು ಸೂಜಿ ಸುಮ್ಮನೆ ಸುತ್ತುತ್ತಿರುತ್ತದೆ. ಎರಡನೆಯ ಆಲ್ಬಮಿನ ಹೊತ್ತಿಗೆ ವೇಡ್ ಕೂದಲು ಬಿಟ್ಟ, ಗಿಟಾರು ಉದ್ದುದ್ದ ಎಳೆಯತೊಡಗಿತು, ಇದೇನಿದು, ಹೆಣ ಹೊತ್ಕೊಂಡು ಹೋಗ್ತಿದಾರಾ, ಅಂತ ಇವನಿಗೆ ಕೋಪ, ಎದುರು ಸಿಕ್ಕಿದರೂ ವೇಡ್‌ನ ಜೊತೆ ಮಾತಿಲ್ಲ, ಆದರೂ ಪಿಕಪ್ಪಿನಲ್ಲಿ ಅದೇ ಕ್ಯಾಸೆಟ್, ಟೇಪು ಸಿಕ್ಕಿಕೊಂಡು ಹರಿಯುವವರೆಗೆ, ಹರಿದ ಮೇಲೆ ಇನ್ನೊಂದು ತಂದ. ಆಮೇಲೆ ರಾಗ ಇರುವ ಆಲ್ಬಮ್ ಬಂತು, ರೇಡಿಯೋದಲ್ಲಿ ಹಾಕಿದರು, ಭವನದ ಹೊರಗೆ ಕಾರು ನಿಲ್ಲಿಸಲು ಜಾಗ ಇಲ್ಲ, ಹೊಸ ಮಕ್ಕಳು, ಹೊಸ ಹಲಗೆಗಳು, ಆದರೆ ಯಾರದೋ ಬೂಟು ಬಿದ್ದರೆ ಕೈ ಮೇಲೇಳುತ್ತಿತ್ತು, ಅದನ್ನು ಯಾರು ಹೇಳಿಕೊಟ್ಟರು ಅವಕ್ಕೆ, ನೋಡು ಲಿಂಡಾ, ನೋಡು, ಅಂತ ನನ್ನ ಪಕ್ಕೆ ತಿವಿಯುತ್ತಿದ್ದ.

ಸಕ್ಕರೆ ಕಾಯಿಲೆ ಅವನ ಎಡಗಾಲು ತೆಗೆದುಕೊಂಡಿತು. ಅಂಗಡಿಯೋನ್ನ ಕೇಳೇ, ಬಲಗಾಲಿಂದು ಒಂದೇ ಕೊಡ್ತಾನಾ, ಅಂತ ಆಸ್ಪತ್ರೆಯಲ್ಲೇ ನಗಿಸಿದ, ನಾನು ಹೊರಗೆ ಬಂದು ಅತ್ತೆ. ಆಮೇಲೆ ಗಾಲಿಕುರ್ಚಿ, ಇನ್ನು ಹೋಗೋದು ಬೇಡ ಅಂದೆ, ನಾಲ್ಕು ಗಾಲಿ ಇದೆ ಕಣೇ ಇದಕ್ಕೂ, ಅಂದ, ಕಳೆದ ಬೇಸಿಗೆಯಲ್ಲಿ ಇಲ್ಲೇ, ಈ ಮಕ್ಕಳು ಕುರ್ಚಿ ಸಮೇತ ಎತ್ತಿದರು ಅವನನ್ನು, ತಲೆಗಳ ಮೇಲೆ ತೇಲುತ್ತಿದ್ದಾನೆ, ಕೈ ಎರಡೂ ಚಾಚಿ, ನಾನು ಕೂಗುತ್ತಿದ್ದೇನೆ, ಬೀಳಿಸ್ಬೇಡ್ರೋ, ಬೀಳಿಸ್ಬೇಡ್ರೋ, ಬೀಳಿಸಲಿಲ್ಲ. ಮಂಗಳವಾರ ಹೋದ ಅಂತ ಡಾಕ್ಟರು ಹೇಳಿದರು, ನರ್ಸು ಹೇಳಿದಳು, ಗೋರಿಯ ಕಲ್ಲಿನ ಮೇಲೂ ಅದೇ ತಾರೀಖು ಕೆತ್ತಿದ್ದಾರೆ, ನನಗೆ ನಂಬಿಕೆಯಾಗಿಲ್ಲ, ಬಾಗಿಲ ಬಳಿ ಬೂಟು ಹಾಗೇ ಇತ್ತಲ್ಲ, ಬೂಟು ಬಿಟ್ಟು ಎಲ್ಲಿಗೆ ಹೋಗುತ್ತಾನೆ — ಇದು ಕೊನೇದು, ವೇಡ್ ಮೈಕಿನಲ್ಲಿ ಏದುಸಿರು ಬಿಡುತ್ತಿದ್ದಾನೆ, ನೀರಿಲ್ಲದ ಕೊಳ, ಮೊದಲ ರೆಕಾರ್ಡಿನ ಮೊದಲ ಹಾಡು, ಒಂದು ನಿಮಿಷವೂ ಇಲ್ಲ, ಲಿಂಡಾ ಏಳು, ಈಗ ಏಳದಿದ್ದರೆ ಮುಗಿದೇಹೋಗುತ್ತದೆ, ಡ್ರಮ್ಮು ಶುರುವಾಯಿತು ಟಕಟಕಟಕ, ಕಾಲು ಎದ್ದಿದೆ, ನಾನಿನ್ನೂ ಕೂತಿದ್ದೇನೆ ಅಂದುಕೊಳ್ಳುತ್ತಿದ್ದೇನೆ, ಚೀಲ ಬಿಚ್ಚಿದೆ, ಪಿಟ್‌ನ ಅಂಚಿಗೆ ಬಂದೆ, ಬೆವರು, ಮೊಣಕೈ, ಯಾರೋ ಸಾರಿ ಅಜ್ಜೀ ಅಂದ, ಬೆರಳು ಬಿಡುತ್ತಿಲ್ಲ, ನಿಂಬೆಹಣ್ಣನ್ನು ಲೆಕ್ಕವಿಲ್ಲದಷ್ಟು ಬಿಟ್ಟ ಬೆರಳು, ಒಳ್ಳೆಯದು ಆ ಕಡೆ, ಬಿಡು, ಒಳ್ಳೆಯದು ಆ ಕಡೆ — ಬಿಟ್ಟೆ. ಕಾಲುಗಳ ನಡುವೆ ಹೋಯಿತು, ಕಾಣಲಿಲ್ಲ. ಆಮೇಲೆ ಹಸಿರು ಕೂದಲು ಬಗ್ಗಿತು, ಎದ್ದಿತು, ಅವಳ ಕೈ ಮೇಲೆ. ಯಾರದ್ರೋ, ಯಾರದ್ದು ಇದು, ಎಲ್ಲರೂ ಅವರವರ ಕಾಲು ನೋಡಿಕೊಳ್ಳುತ್ತಿದ್ದಾರೆ, ನಂದಲ್ಲ, ನಂದೂ ಅಲ್ಲ, ಅವಳ ಕೈ ಸೋತಿತು, ಇನ್ನೊಬ್ಬ ತೆಗೆದುಕೊಂಡ, ಆ ಕೈ, ಈ ಕೈ, ಬೂಟು ಮೇಲೇ ಇದೆ, ವೇಡ್ ನೋಡಿದ, ಆ ಅಂಟು ಅವನಿಗೆ ಗೊತ್ತು, ಅವನ ಅಮ್ಮನ ಅಡುಗೆಮನೆಯಲ್ಲಿ ಕಲಿತ ಕೈ ಅದು, ಹಾಡು ಮುಗಿಯಬೇಕಿತ್ತು, ಮುಗಿಸುತ್ತಿಲ್ಲ, ಡ್ರಮ್ಮಿನವನ ಕಡೆ ತಿರುಗಿ ಬೆರಳು ಸುತ್ತಿಸಿದ, ಮತ್ತೆ, ಮತ್ತೆ ಮೊದಲಿಂದ, ನಾನು ಕೈಯೆತ್ತಿ ನಂದು ಅಂದರೆ ಸಾಕು, ಕೊಟ್ಟುಬಿಡುತ್ತಾರೆ, ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಬಹುದು, ಕೈ ಎದ್ದಿತು ಅರ್ಧ, ನಿಂತಿತು, ನಂದಲ್ಲ, ನಂದು ಬಕಲ್ ಇರುವುದು, ಕರಿಯದು, ಇದರ ಯಜಮಾನ ಬೇರೆ, ಅವನು ಬಂದು ಕೇಳುವ ತನಕ ಇಳಿಸುವ ಹಾಗಿಲ್ಲ, ರೆನಾಟೊ ಹೋದದ್ದು ಮಂಗಳವಾರ ಅಲ್ಲ, ಇವತ್ತು, ಭಾನುವಾರ, ತಲೆಗಳ ಮೇಲೆ ಒಂದು ಕೈ, ಕೈಯಲ್ಲಿ ಬೂಟು, ಬೂಟು