ಜೆಟ್ ಸ್ಕೀಯ ನಾಲ್ಕನೇ ದೋಷ

ನಮ್ಮಪ್ಪನ ಬಾಯಿಂದ ‘ಭೇಷ್’ ಅನ್ನಿಸಿಕೊಂಡವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ದಯವಿಟ್ಟು ಬನ್ನಿ, ಕಾಲಿಗೆ ಬೀಳುತ್ತೇನೆ. ಸರೋವರದ ದಡದ ಅವನ ಶೆಡ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಜೆಟ್ ಸ್ಕೀ, ಅಂದರೆ ನೀರಿನ ಮೇಲೋಡುವ ಸ್ಕೂಟರ್, ರಿಪೇರಿ ಮಾಡುತ್ತಿದ್ದೇನೆ. ನಾನು ಮುಗಿಸಿದ ಪ್ರತಿ ಕೆಲಸವನ್ನೂ ಅಪ್ಪ ಮತ್ತೊಮ್ಮೆ ತಡವಿ ನೋಡಿ, ಗಂಟಲಲ್ಲೇ ‘ಹೂಂ’ ಅನ್ನುತ್ತಾನೆ. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಈಗ ಅಪ್ಪನ ಮಂಡಿ ಕೈಕೊಟ್ಟಿತ್ತು. ಶೆಡ್ಡನ್ನು ಕಿರಿಮಗಳಾದ ನನಗೋ ಅಕ್ಕನ ಗಂಡನಿಗೋ ಒಪ್ಪಿಸಲೇಬೇಕಿತ್ತು. ಭಾವನ ಹತ್ತಿರ ತರಬೇತಿಯ ಸರ್ಟಿಫಿಕೇಟ್ ಇದೆ, ಲ್ಯಾಪ್‌ಟಾಪ್ ಇದೆ, ಇಸ್ತ್ರಿ ಮಾಡಿದ ಅಂಗಿ ಇದೆ. ನನ್ನ ಹತ್ತಿರ ಇರುವುದು ಉಗುರಿನ ಸಂದಿಯ ಗ್ರೀಸು. ಆದರೂ ಆ ಶೆಡ್ಡು ನನಗೆ ಬೇಕಿತ್ತು, ಹಟಕ್ಕಲ್ಲ, ನಿಜವಾಗಿಯೂ ಬೇಕಿತ್ತು. ಬೇರೆ ಕೆಲಸ ನನಗೆ ಬರುವುದೂ ಇಲ್ಲ, ಭಾವನ ಕೈಕೆಳಗೆ ದುಡಿಯುವುದು ನನ್ನಿಂದ ಆಗುವುದೂ ಇಲ್ಲ.

ಶನಿವಾರ ಬೆಳಿಗ್ಗೆ ಅಪ್ಪ ನಮ್ಮಿಬ್ಬರನ್ನೂ ಕರೆದ. ಸರೋವರದಲ್ಲಿ ಬೋಟಿಂಗ್ ನಡೆಸುವ ಮೇಡಂ ಸರ್ವೀಸಿಗೆ ಬಿಟ್ಟಿದ್ದ ಜೆಟ್ ಸ್ಕೀ ಟ್ರಾಲಿಯ ಮೇಲಿತ್ತು.

"ಇದರಲ್ಲಿ ನಾನೇ ಮೂರು ತೊಂದರೆ ಮಾಡಿಟ್ಟಿದೀನಿ. ಮೇಡಂ ಮಧ್ಯಾಹ್ನ ಒಂದು ಗಂಟೆಗೆ ಬರ್ತಾರೆ. ಅಷ್ಟರೊಳಗೆ ಮೂರನ್ನೂ ಹಿಡಿದೋರಿಗೆ ಶೆಡ್ಡು. ಮೊದಲು ಅಳಿಯಂದಿರು."

ಭಾವ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ, ಕಾಲು ಗಂಟೆ ಪರದೆ ನೋಡಿದರು. ಆಮೇಲೆ ಎಂಜಿನ್ ಚಾಲೂ ಮಾಡೋಣ ಎಂದು ಪೈಪು ಸಿಕ್ಕಿಸಿ ನಲ್ಲಿ ತಿರುಗಿಸಿಬಿಟ್ಟರು! ನೆಲದ ಮೇಲೆ ಓಡಿಸುವಾಗ ಎಂಜಿನ್ ತಣ್ಣಗಿರಲು ಪೈಪಿನ ನೀರು ಬೇಕು, ನಿಜ. ಆದರೆ ಮೊದಲು ಎಂಜಿನ್, ಆಮೇಲೆ ನೀರು. ಇಲ್ಲದಿದ್ದರೆ ಹೊಗೆ ಹೋಗುವ ದಾರಿಯಲ್ಲಿ ನೀರು ಹತ್ತಿ ಎಂಜಿನ್ನಿನೊಳಗೇ ನುಗ್ಗಿಬಿಡುತ್ತದೆ. ನಾನು ಎದ್ದುಬಿದ್ದು ಓಡಿ ನಲ್ಲಿ ನಿಲ್ಲಿಸಿದೆ.

"ಕಂಪ್ಯೂಟರ್ ಪ್ರಕಾರ ಗಾಡಿ ಸರಿಯಾಗೇ ಇದೆ ಮಾವ," ಅಂದರು ಭಾವ.

"ಹಾಗಾದ್ರೆ ಕಂಪ್ಯೂಟರನ್ನೇ ನೀರಿಗೆ ಬಿಡಿ," ಅಂದ ಅಪ್ಪ.

ಈಗ ನನ್ನ ಸರದಿ. ಚಾಲೂ ಮಾಡಿದರೆ ಎಂಜಿನ್ ಕೆಮ್ಮುತ್ತಿತ್ತು. ಕೈಹಾಕಿ ನೋಡಿದರೆ ಒಂದು ಸ್ಪಾರ್ಕ್ ಪ್ಲಗ್ಗಿನ ಟೋಪಿ ಸಡಿಲ. ಒತ್ತಿ ಕೂರಿಸಿದೆ. ದಡದ ನೀರಿಗಿಳಿಸಿದರೆ ಗಾಡಿ ಊರೆಲ್ಲ ಕೇಳುವಂತೆ ಅಬ್ಬರಿಸಿತು, ಮುಂದಕ್ಕೆ ಮಾತ್ರ ಒಂದು ಗೇಣೂ ಹೋಗಲಿಲ್ಲ. ನಾಲ್ಕು ನಿಮಿಷಕ್ಕೆ ತಾನಾಗಿಯೇ ಸತ್ತಿತು. ಪೆಟ್ರೋಲ್ ಮುಚ್ಚಳ ತೆಗೆದಾಗ ‘ಉಸ್ಸ್’ ಎಂದು ಗಾಳಿ ಒಳಗೆ ಎಳೆದುಕೊಂಡಿತು. ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ಪೈಪಿಗೆ ಅಪ್ಪ ಬಟ್ಟೆ ಚೂರು ತುರುಕಿದ್ದ. ಅದನ್ನು ಕಿತ್ತು, ಗಾಡಿ ಮತ್ತೆ ಮೇಲೆಳೆದು, ಕೆಳಗೆ ಅಂಗಾತ ಮಲಗಿ ಜಾಲರಿಯೊಳಗೆ ಟಾರ್ಚ್ ಬಿಟ್ಟೆ. ನೀರು ಚಿಮ್ಮಿಸಿ ಗಾಡಿಯನ್ನು ಮುಂದೆ ತಳ್ಳುವ ಪಂಪಿನ ಕಂಬಿಗೆ ನೈಲಾನ್ ಹಗ್ಗ ಸುತ್ತಿಕೊಂಡಿತ್ತು. ಕತ್ತರಿಸಿ ತಂದು ಅಪ್ಪನ ಮುಂದಿಟ್ಟೆ.

"ಮೂರೂ ಆಯ್ತು. ಶೆಡ್ಡು?"

"ನಲವತ್ತು ನಿಮಿಷ ತಗೊಂಡೆ. ನಾನಾಗಿದ್ರೆ ಹದಿನೈದು. ಯೋಚನೆ ಮಾಡಿ ಹೇಳ್ತೀನಿ."

ಯೋಚನೆಯಂತೆ! ನನ್ನ ಪಿತ್ತ ನೆತ್ತಿಗೇರಿತು.

"ಹಾಗಾದ್ರೆ ಈಗ ನಾನೊಂದು ದೋಷ ಮಾಡಿಡ್ತೀನಿ, ನೀನು ಹುಡುಕು. ನಿನ್ನ ಮಂಡಿ ಮುಖ ನೋಡಿ ಅರ್ಧ ಗಂಟೆ ಕೊಡ್ತೀನಿ. ಹುಡುಕಿದ್ರೆ ಶೆಡ್ಡು ಭಾವನಿಗೇ ಕೊಟ್ಬಿಡು, ನಾನು ತುಟಿ ಬಿಚ್ಚಲ್ಲ. ಇಲ್ಲಾಂದ್ರೆ ನನಗೆ."

ಭಾವನ ಮುಖ ಅರಳಿತು. ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಸೀಟಿನ ಮೇಲೆ ಕುಳಿತು ಕಾಲಾಡಿಸಿದೆ. ಆಗಾಗ ಬೋಲ್ಟ್ ಬಿಚ್ಚುವ ಪಾನಗಳನ್ನು ಒಂದಕ್ಕೊಂದು ತಾಗಿಸಿ ಸದ್ದು ಮಾಡಿದೆ. ಐದು ನಿಮಿಷ ಬಿಟ್ಟು ಕರೆದೆ.

ಅಪ್ಪ ಎಂಜಿನ್ ಚಾಲೂ ಮಾಡಿದ, ನೀರು ಬಿಟ್ಟ, ಸೀಟಿಗೆ ಕಿವಿ ಆನಿಸಿ ಕಣ್ಣು ಮುಚ್ಚಿದ.

"ಸಣ್ಣದೊಂದು ಶಿಳ್ಳೆ ಕೇಳ್ತಾ ಇದೆ ಅಲ್ವಾ?"

"ಹೌದು ಮಾವ, ಚೆನ್ನಾಗೇ ಕೇಳ್ತಾ ಇದೆ," ಅಂದರು ಭಾವ.

ನಗು ತಡೆಯಲಾರದೆ ನಾನು ಗೋಡೆಯ ಕಡೆ ತಿರುಗಿ ಕೆಮ್ಮಿದೆ. ಅಪ್ಪ ನೀರು ನಿಲ್ಲಿಸಿ, ಎಂಜಿನ್ ಆರಿಸಿ, ಪಂಪನ್ನೇ ಬಿಚ್ಚಿ ಹಾಸಿದ. ಒರೆಸಿದ, ಮೂಸಿದ, ತಿರುಗಿಸಿದ. ಬೆವರು ಧಾರಾಕಾರ. ಕೊನೆಗೆ ಎಲ್ಲವನ್ನೂ ಜೋಡಿಸಿ, ಮತ್ತೊಮ್ಮೆ ಓಡಿಸಿ ಕೇಳಿ, ಎದೆಯುಬ್ಬಿಸಿ ನಿಂತ.

"ಬೇರಿಂಗಿನ ಗ್ರೀಸು ಒರೆಸಿ ಹಾಕಿದ್ದೆ ಕಳ್ಳಿ! ಹೊಸದು ತುಂಬಿದೀನಿ. ಶಿಳ್ಳೆ ಮಾಯ. ಇಪ್ಪತ್ತೆಂಟು ನಿಮಿಷ!"

"ನಾನು ಗಾಡಿ ಮುಟ್ಟೇ ಇಲ್ಲಪ್ಪ."

"ಮತ್ತೆ ಒಳಗೇನು ಮಾಡ್ತಿದ್ದೆ?"

"ಸುಮ್ಮನೆ ಕೂತಿದ್ದೆ."

ಭಾವ ಥಟ್ಟನೆ ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದರು. ಅಪ್ಪನ ಕಿವಿ ಕೆಂಪಾಯಿತು. ಆಗ ನನಗೆ ಹೆದರಿಕೆಯಾಯಿತು. ಅಳಿಯನೆದುರಿಗೆ ಈ ವಯಸ್ಸಿನಲ್ಲಿ ಅವನ ಮಾನ ಕಳೆದೆನಲ್ಲ, ಥೂ ನನ್ನ ಬುದ್ಧಿಗಿಷ್ಟು! ಶೆಡ್ಡಿನ ಆಸೆ ಅಲ್ಲಿಗೇ ಬಿಟ್ಟೆ.

ಅಷ್ಟರಲ್ಲಿ ಬೋಟಿಂಗ್ ಮೇಡಂ ಬಂದರು.

"ಗಾಡಿ ರೆಡಿನಾ ಮೇಸ್ತ್ರಿ?"

ಅಪ್ಪ ಒಂದೊಂದೇ ಬೆರಳಿನ ಗ್ರೀಸು ಒರೆಸಿಕೊಂಡ.

"ನನ್ನನ್ಯಾಕೆ ಕೇಳ್ತೀರಿ? ಶೆಡ್ಡು ಅವಳದು, ಅವಳನ್ನೇ ಕೇಳಿ."

ಖುಷಿಗೆ ಅಳುವುದೊಂದೇ ಬಾಕಿ. ಅತ್ತುಬಿಡುತ್ತಿದ್ದೆನೇನೋ, ಅಷ್ಟರಲ್ಲಿ ಅಪ್ಪ ಬಿಡಿಭಾಗ ಹಾಕಿದ್ದ ತಟ್ಟೆಯ ಮೇಲೆ ಕಣ್ಣು ಬಿತ್ತು.

"ಇನ್ನರ್ಧ ಗಂಟೆ ಕೂತ್ಕೊಳ್ಳಿ ಮೇಡಂ, ಪಂಪು ಮತ್ತೆ ಬಿಚ್ಚಬೇಕು."

"ಯಾಕೆ, ಏನಾಯ್ತು?"

"ನಮ್ಮ ಕೆಲಸದವರು ಒಂದು ಬೋಲ್ಟ್ ಹಾಕೋದು ಮರೆತಿದಾರೆ."

ಅಪ್ಪ ತಟ್ಟೆ ನೋಡಿದ, ನನ್ನನ್ನು ನೋಡಿದ. ಪಾನ ಎತ್ತಿಕೊಂಡು ಗಾಡಿಯ ಹಿಂದೆ ಹೋಗಿ ಕುಳಿತ.